ಡ್ಯೂಟಿ ಮುಗಿದ ಮೇಲಿನ ಜಗಳಕ್ಕೆ ಕೆಲಸದಿಂದ ತೆಗೆಯಬಹುದೇ? (ಒಂದು ಪ್ರಶ್ನೋತ್ತರ ಚರ್ಚೆ; ಮೇಲೆ ಇರುವವು ಬರೆದವರ ಅಡ್ಡಹೆಸರು)

ಬೊಮ್ಮಸಂದ್ರ ಸೆಕೆಂಡ್ ಶಿಫ್ಟ್:
400 ಜನರ ಗಾರ್ಮೆಂಟ್ಸ್ ಕಾರ್ಖಾನೆ ಅಂತ ಇಟ್ಟುಕೊಳ್ಳಿ. ಭಾನುವಾರ, ವಾರದ ರಜೆ. ಆರು ಕಿಲೋಮೀಟರ್ ದೂರದ ಕಲ್ಯಾಣ ಮಂಟಪದಲ್ಲಿ ಒಬ್ಬ ಆಪರೇಟರ್ ತನ್ನ ಲೈನ್ ಸೂಪರ್‌ವೈಸರ್ ಕೆನ್ನೆಗೆ ಬಾರಿಸುತ್ತಾನೆ. ಯಾರೋ ವಿಡಿಯೊ ಮಾಡಿ ವಾಟ್ಸಾಪ್‌ಗೆ ಬಿಡುತ್ತಾರೆ, ಎಫ್‌ಐಆರ್ ಕೂಡ ಆಗುತ್ತದೆ. ಸೋಮವಾರ ಬೆಳಿಗ್ಗೆ ಗೇಟಿನಲ್ಲೇ ತಡೆದು ‘ನಾಳೆಯಿಂದ ಬರಬೇಡ’ ಎನ್ನಬಹುದೇ? ‘ರಜಾ ದಿನ ನಾನೇನು ಮಾಡಿದರೆ ಕಂಪನಿಗೇನು’ ಅನ್ನೋ ವಾದ ನಿಲ್ಲುತ್ತದಾ?

ಸ್ಥಾಯಿ ಆದೇಶ:
ಗೇಟಿನಲ್ಲಿ ತಡೆದರೆ ಮ್ಯಾನೇಜ್‌ಮೆಂಟ್ ಅಲ್ಲೇ ಅರ್ಧ ಸೋತ ಹಾಗೆ. ಮೊದಲು ನೋಡಬೇಕಾದ್ದು ವಿಡಿಯೊ ಅಲ್ಲ, ಕಾರ್ಖಾನೆಯ ಸ್ಟ್ಯಾಂಡಿಂಗ್ ಆರ್ಡರ್, ಅಂದರೆ ಕೆಲಸದ ಷರತ್ತು, ಶಿಸ್ತಿನ ನಿಯಮಗಳ ಪಟ್ಟಿ. ನೋಟಿಸ್ ಬೋರ್ಡ್ ಪಕ್ಕ ದೂಳು ಹಿಡಿದು ನೇತಾಡುತ್ತಿರುತ್ತದಲ್ಲ, ಅದೇ. ಅದರ ದುರ್ನಡತೆ ಪಟ್ಟಿಯಲ್ಲಿ ‘ಆವರಣದೊಳಗೆ ಅಥವಾ ಅದರ ಆಸುಪಾಸಿನಲ್ಲಿ’ ಅಂತಿದ್ದರೆ ಆರು ಕಿ.ಮೀ. ಆಚೆಯ ಮಂಟಪ ಅದರಲ್ಲಿ ಬರುವುದಿಲ್ಲ. ಇಂಥದ್ದೇ ಪದಗಳನ್ನು ಎಳೆದು ಹಿಗ್ಗಿಸಲು ಔಷಧ ಕಂಪನಿ ಗ್ಲ್ಯಾಕ್ಸೊದ 1983ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಆಮೇಲೆ ದುರ್ನಡತೆ ಅಂತ ಸೇರಿಸುವ ಹಾಗೂ ಇಲ್ಲ.

‘ಕಾರ್ಖಾನೆಯ ಒಳಗೆ ಅಥವಾ ಹೊರಗೆ’ ಎಂದು ಬರೆದಿದ್ದರೆ ಮಾತು ಬೇರೆ. ಆಗಲೂ ಬೀದಿಜಗಳವೆಲ್ಲ ಕಂಪನಿಯ ಪಾಲಿಗೆ ಬರುವುದಿಲ್ಲ. ಎರ್ನಾಕುಲಂ ಕಡೆಯ ಟಾಟಾ ಆಯಿಲ್ ಮಿಲ್ಸ್ ಪ್ರಕರಣದಲ್ಲಿ (1964) ಹಲ್ಲೆ ನಡೆದದ್ದು ಫ್ಯಾಕ್ಟರಿ ಹೊರಗೇ, ಆದರೆ ಹೆಚ್ಚು ಉತ್ಪಾದನೆಯ ಪರ ಇದ್ದವರನ್ನು ಹೆದರಿಸುವುದಕ್ಕೆ. ಆದ್ದರಿಂದ ವಜಾ ಉಳಿಯಿತು. ಬರೀ ಖಾಸಗಿ ಜಗಳವಾಗಿದ್ದರೆ ಈ ನಿಯಮ ತಾಗುವುದಿಲ್ಲ, ಕೆಲಸಕ್ಕೂ ಘಟನೆಗೂ ನಂಟು ಬೇಕು ಎಂದು ಕೋರ್ಟ್ ಅದೇ ತೀರ್ಪಿನಲ್ಲಿ ಹೇಳಿದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ‘ಯಾಕೆ ಹೊಡೆದ’ ಅನ್ನೋದರಲ್ಲಿದೆ. ಸೈಟಿನ ಗಡಿ, ಚೀಟಿ ದುಡ್ಡು, ಹೆಣ್ಣು ಕೊಟ್ಟ ಮನೆಯ ತಕರಾರು ಅಂದರೆ ಪೊಲೀಸರು ನೋಡಿಕೊಳ್ಳಲಿ. ಶನಿವಾರ ಓಟಿ (ಓವರ್‌ಟೈಮ್) ಹಾಕಲಿಲ್ಲ ಅಂತ ಹೊಡೆದಿದ್ದರೆ ಸೂಪರ್‌ವೈಸರ್ ಸೋಮವಾರ ಅದೇ ಲೈನಿನಲ್ಲಿ ಹೆದರಿಕೊಂಡೇ ನಿಲ್ಲಬೇಕು. ಅದು ಶಿಸ್ತಿನ ವಿಷಯ.

ಬಹಳ ಎಚ್‌ಆರ್‌ಗಳು ಎಡವುವುದು ಚಾರ್ಜ್‌ಶೀಟಿನಲ್ಲಿ (ಪೊಲೀಸರದ್ದಲ್ಲ, ಕಂಪನಿ ಕೊಡುವ ಆರೋಪಪಟ್ಟಿ). ‘ನೀವು ಸಾರ್ವಜನಿಕವಾಗಿ ಅಸಭ್ಯವಾಗಿ ವರ್ತಿಸಿ ಕಂಪನಿಯ ಮಾನ ಕಳೆದಿದ್ದೀರಿ’ ಎಂದು ಬರೆದರೆ ಯಾವುದನ್ನು ಸಾಬೀತು ಮಾಡಬೇಕು ಅನ್ನೋದೇ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: ‘ಇಂಥ ತಾರೀಖು ಸಂಜೆ ಸುಮಾರು 7.30ಕ್ಕೆ, ಇಂಥ ಮಂಟಪದ ಊಟದ ಹಾಲ್‌ನಲ್ಲಿ, “ನನ್ನ ಓಟಿ ಕಟ್ ಮಾಡ್ತೀಯಾ” ಎನ್ನುತ್ತಾ ಇಂಥವರ ಎಡಗೆನ್ನೆಗೆ ಹೊಡೆದಿರಿ.’ ಕೆಳಗೆ ಸ್ಟ್ಯಾಂಡಿಂಗ್ ಆರ್ಡರ್‌ನ ಕ್ಲಾಸ್ ನಂಬರ್. ಆ ಓಟಿ ಮಾತು ಬಿಟ್ಟುಹೋದರೆ ನಂಟೂ ಹೋಯಿತು, ಕಂಪನಿಯ ಎನ್‌ಕ್ವೈರಿಯಲ್ಲಿ (ಒಳಗಿನ ವಿಚಾರಣೆ) ಸಾಕ್ಷಿ ಎಷ್ಟು ಹೇಳಿದರೂ ಅದು ಆರೋಪದಲ್ಲಿಲ್ಲ. ಹಳೇ ಮೆಮೊಗಳನ್ನು (ಎಚ್ಚರಿಕೆ ಪತ್ರ) ಶಿಕ್ಷೆಗೆ ಲೆಕ್ಕ ಹಿಡಿಯುವುದಿದ್ದರೆ ಅದನ್ನೂ ಅವನಿಗೆ ಮುಂಚೆ ತಿಳಿಸಿ.

ಯೂನಿಯನ್ ಆಫೀಸು:
ಕಾರ್ಮಿಕನ ಕಡೆಯಿಂದಲೂ ಒಂದಿಷ್ಟು. ಚಾರ್ಜ್‌ಶೀಟ್ ಬೇಡ ಎಂದು ಓಡಬೇಡಿ. ತಾರೀಖು ಹಾಕಿ, ‘ಪ್ರತಿ ತಲುಪಿದೆ, ಆರೋಪ ಒಪ್ಪಿಲ್ಲ’ ಎಂದು ಬರೆದು ಸಹಿ ಮಾಡಿ. ಎಫ್‌ಐಆರ್ ಆಗಿರುವಾಗ ಎಚ್‌ಆರ್ ರೂಮಿನಲ್ಲಿ ಕೂರಿಸಿ ‘ತಪ್ಪಾಯ್ತು ಅಂತ ಎರಡು ಸಾಲು ಬರೆದುಕೊಡು, ಇಲ್ಲೇ ಮುಗಿಸೋಣ’ ಅಂತಾರೆ. ಆ ಎರಡು ಸಾಲು ಎನ್‌ಕ್ವೈರಿಯಲ್ಲೂ ಕ್ರಿಮಿನಲ್ ಕೇಸಿನಲ್ಲೂ ಎದುರಿಗೆ ಬಂದು ನಿಲ್ಲುತ್ತದೆ.

ಸಸ್ಪೆನ್ಷನ್ ಆದರೆ ಜೀವನಾಧಾರ ಭತ್ಯೆಯಾಗಿ ಮೊದಲ 90 ದಿನ ಅರ್ಧ ಸಂಬಳ, ಅದಾದ ಮೇಲೂ ಎಳೆದರೆ, ತಡ ಕಾರ್ಮಿಕನದ್ದಲ್ಲದಿದ್ದರೆ, 75 ಪರ್ಸೆಂಟ್. ಇದನ್ನು ಕೊಡದೆ ಎನ್‌ಕ್ವೈರಿ ಮುಗಿಸಿದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಕೆಜಿಎಫ್‌ನದ್ದೇ ಉದಾಹರಣೆ ಇದೆ, 1999ರ ಭಾರತ್ ಗೋಲ್ಡ್ ಮೈನ್ಸ್ ತೀರ್ಪು. ಸೆಕ್ಯುರಿಟಿ ಆಫೀಸರ್ ಒಬ್ಬರ ಮನೆ ಮೇಲೆ ರೇಡ್, ಚಿನ್ನ ಸಿಕ್ಕಿತು ಎಂಬ ಆರೋಪ. ಭತ್ಯೆ ಇಲ್ಲದೆ ಅವರು ವಿಚಾರಣೆಗೆ ಬರಲಾಗಲಿಲ್ಲ, ಎಕ್ಸ್‌ಪಾರ್ಟೆ ಮಾಡಿ, ಅಂದರೆ ಅವರಿಲ್ಲದೆಯೇ ವಿಚಾರಣೆ ಮುಗಿಸಿ, ವಜಾ ಮಾಡಿದರು. ಅತ್ತ ಕ್ರಿಮಿನಲ್ ಕೋರ್ಟಿನಲ್ಲಿ ರೇಡ್ ನಡೆದದ್ದೇ ಸಾಬೀತಾಗಲಿಲ್ಲ. ಸುಪ್ರೀಂ ಕೋರ್ಟ್ ವಜಾ ರದ್ದು ಮಾಡಿತು. ಹಾಗಂತ ಖುಲಾಸೆಯಾದ ತಕ್ಷಣ ಕೆಲಸ ವಾಪಸ್ ಎಂದುಕೊಳ್ಳಬೇಡಿ. ಅಲ್ಲಿ ಎರಡೂ ಕಡೆ ಅದೇ ಆರೋಪ, ಅದೇ ಸಾಕ್ಷಿ ಇತ್ತು.

ಮಾರತ್ತಹಳ್ಳಿ ಕ್ಯಾಬ್:
ಐಟಿಯವರಿಗೆ ಕಥೆ ಬೇರೆ. ಸ್ಟ್ಯಾಂಡಿಂಗ್ ಆರ್ಡರ್‌ನಿಂದ ರಾಜ್ಯ ಸರ್ಕಾರ ಐಟಿ ಕಂಪನಿಗಳಿಗೆ ಷರತ್ತಿನ ಮೇಲೆ ವಿನಾಯಿತಿ ಕೊಡುತ್ತಾ ಬಂದಿದೆ, 2024ರಲ್ಲಿ ಮತ್ತೆ ಐದು ವರ್ಷ. ಹಾಗಾಗಿ ಇಲ್ಲಿ ಆಫರ್ ಲೆಟರ್ ಮತ್ತು ಕಂಪನಿಯ ನಡತೆ ನಿಯಮ, ‘ಕೋಡ್ ಆಫ್ ಕಂಡಕ್ಟ್’ ನಡೆಯುತ್ತದೆ. 2022ರಲ್ಲಿ ಬೇರೆ ಕಡೆಯೂ ಕೆಲಸ ಮಾಡುತ್ತಿದ್ದರೆಂದು ವಿಪ್ರೊ 300 ಜನರನ್ನು ತೆಗೆದದ್ದು ನೆನಪಿರಬೇಕು. ಅದೂ ಆಫೀಸ್ ಟೈಮ್ ಆಚೆಯ ನಡತೆಯ ಪ್ರಶ್ನೆಯೇ. ಆದರೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ (1961) 39ನೇ ಸೆಕ್ಷನ್ ಮರೆಯಬೇಡಿ. ಆರು ತಿಂಗಳು ಸರ್ವೀಸ್ ಆದವರನ್ನು ತೆಗೆಯಲು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಅಥವಾ ಸಂಬಳ ಬೇಕು. ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ಸಾಕ್ಷಿ ದಾಖಲಿಸಿರಬೇಕು. ಟ್ವೀಟ್ ವೈರಲ್ ಆದ ಎರಡು ಗಂಟೆಯಲ್ಲಿ ‘ಟರ್ಮಿನೇಟೆಡ್’ ಎಂದು ಕಂಪನಿ ಪೋಸ್ಟ್ ಹಾಕುವುದು ಜನರ ಚಪ್ಪಾಳೆಗೆ, ಕೋರ್ಟಿಗಲ್ಲ.

ಬೊಮ್ಮಸಂದ್ರ ಸೆಕೆಂಡ್ ಶಿಫ್ಟ್:
ವಿಡಿಯೊದಲ್ಲಿ ಮುಖ ಕಾಣುತ್ತೆ, ಮಾತು ಕೇಳಲ್ಲ. ಬ್ಯಾಂಡ್ ಸೌಂಡು. ಸಾಕಾಗುತ್ತಾ?

ಸ್ಥಾಯಿ ಆದೇಶ:
ಹೊಡೆದದ್ದಕ್ಕೆ ಸಾಕು, ಯಾಕೆ ಹೊಡೆದ ಅನ್ನೋದಕ್ಕೆ ಸಾಲದು. ಪಕ್ಕದ ಎಲೆಗೆ ಕೂತಿದ್ದವರು ಬಂದು ಓಟಿ ಮಾತು ಕಿವಿಯಾರೆ ಕೇಳಿದೆ ಅನ್ನಬೇಕು, ಅವರನ್ನು ಆಪರೇಟರ್ ಕಡೆಯವರು ಪಾಟೀಸವಾಲು ಮಾಡಲು ಬಿಡಬೇಕು. ವಿಡಿಯೊ ತೆಗೆದವರನ್ನೂ ಕರೆಸಿ, ಹತ್ತು ಕೈ ದಾಟಿದ ಫಾರ್ವರ್ಡ್ ಬೇಡ, ಅವರ ಫೋನಿನ ಮೂಲ ಫೈಲ್ ತನ್ನಿ. ಇನ್ನೊಂದು: ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ವಜಾ ಆದೇಶದಲ್ಲಿ, ಅದು ಜಾಗ ತುಂಬಿದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಸೆಕ್ಷನ್ ಹಾಕಿದ ಹಳೇ ಟೆಂಪ್ಲೇಟ್ ಇದ್ದರೆ ಮೊದಲು ಅದನ್ನು ಬದಲಾಯಿಸಿ.