ತೋಟದ ಕೆರೆಗೆ ದೋಣಿ ಇಳಿಸುವಾಗ ತಳದ ಬೂಚು ಮರೆಯದಿರಲು ಏನು ಮಾಡಬೇಕು?

ಪ್ರಶ್ನೆ (ಸುಂಟಿಕೊಪ್ಪದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದ ಕೆರೆಯಲ್ಲಿ ಗಾಳ ಹಾಕಲೆಂದು 12 ಅಡಿಯ ಫೈಬರ್ ದೋಣಿಯೊಂದನ್ನು ನಮ್ಮ ಮನೆಯವರೂ ಪಕ್ಕದ ತೋಟದ ದಾಯಾದಿಗಳೂ ಸೇರಿ ಇಟ್ಟುಕೊಂಡಿದ್ದೇವೆ. ಮಳೆಗಾಲವಿಡೀ ಅದು ಟ್ರೈಲರಿನ ಮೇಲೆ ಕಣದ ಅಂಚಿನಲ್ಲಿ ನಿಂತಿರುವುದರಿಂದ, ಒಳಗೆ ಬಿದ್ದ ನೀರು ಹರಿದುಹೋಗಲಿ ಎಂದು ಹಿಂಬದಿ ಹಲಗೆಯ ಬುಡದಲ್ಲಿರುವ ತೂತಿನ ರಬ್ಬರ್ ಬೂಚನ್ನು ತೆಗೆದಿಡುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದಲೇ. ಬೂಚು ಒಮ್ಮೆ ತೋಟದ ಲೆಕ್ಕ ಬರೆಯುವ ರೈಟರ ಕೋಣೆಯ ಕಿಟಕಿಯಲ್ಲಿ ಸಿಗುತ್ತದೆ, ಇನ್ನೊಮ್ಮೆ ಜೀಪಿನೊಳಗೆ, ಮತ್ತೊಮ್ಮೆ ಯಾರದೋ ಅಂಗಿಯ ಜೇಬಿನಲ್ಲಿ. ದೋಣಿ ಇಳಿಸುವವರೋ ಇನ್ನೊಬ್ಬರು ಹಾಕಿರುತ್ತಾರೆ ಎಂದೇ ನಂಬಿಕೊಂಡಿರುತ್ತಾರೆ. ಕಳೆದ ಸಲ ಕೆರೆಯ ನಡುವಿಗೆ ಹೋದರೂ ದೋಣಿಯಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಹಿಂಭಾಗ ನೀರಿಗೆ ಕುಸಿಯುತ್ತಿರುವುದನ್ನು ದಡದಲ್ಲಿ ಸ್ಪ್ರಿಂಕ್ಲರ್ ಪೈಪು ಜೋಡಿಸುತ್ತಿದ್ದ ಕೆಲಸದವರು ಕಂಡು ಕೂಗಿ ಹೇಳಬೇಕಾಯಿತು.

ಬೂಚನ್ನು ವರ್ಷವಿಡೀ ಹಾಕಿಯೇ ಇಟ್ಟು ಮೇಲೆ ಟಾರ್ಪಾಲು ಹೊದಿಸಿದರೆ ಸಾಕೇ? ತಳದಲ್ಲಿ ಸೇರಿದ ನೀರನ್ನು ಹೊರಹಾಕುವ, ಬ್ಯಾಟರಿಯಿಂದ ನಡೆಯುವ ಬಿಲ್ಜ್ ಪಂಪು ಕೂರಿಸಿದರೆ ಈ ಚಿಂತೆಯೇ ತಪ್ಪುತ್ತದೆ ಎಂದು ನಮ್ಮ ಭಾವನವರ ವಾದ. ಬೂಚು ಹಾಕಿದ್ದಾಗಲೂ ಸಂಜೆಯ ಹೊತ್ತಿಗೆ ತಳದಲ್ಲಿ ಸ್ವಲ್ಪ ನೀರು ಇದ್ದೇ ಇರುತ್ತದೆ ಎಂಬುದನ್ನೂ ಸೇರಿಸಿ ಹೇಳುತ್ತೇನೆ. ತಿಳಿದವರು ದಯವಿಟ್ಟು ಸಲಹೆ ಕೊಡಿ.

ಉತ್ತರ (ಕುಶಾಲನಗರದಿಂದ)

ಬೂಚು ಹಾಕಿಯೇ ಇಡುವ ಯೋಚನೆಯನ್ನು ದಯವಿಟ್ಟು ಬಿಡಿ. ಕೊಡಗಿನ ಮಳೆಗಾಲದಲ್ಲಿ ದಿನವೊಂದಕ್ಕೆ 100 ಮಿಲಿಮೀಟರ್ ಮಳೆ ಸುರಿಯುವುದು ಅಪರೂಪವಲ್ಲ. ತಮ್ಮ ದೋಣಿಯ ಬಾಯಿ ಸುಮಾರು 4 ಚದರ ಮೀಟರ್ ಇದ್ದೀತು. ಅಂದರೆ ಗಾಳಿಗೆ ಟಾರ್ಪಾಲು ಒಂದು ರಾತ್ರಿ ಹಾರಿಹೋದರೆ 400 ಲೀಟರ್ ನೀರು, ಅಷ್ಟೇ ಕಿಲೋ ಭಾರ, ಟ್ರೈಲರಿನ ಪಟ್ಟಿಗಳ ಮೇಲೂ ದೋಣಿಯ ತಳದ ಮೇಲೂ ಬಂದು ಕೂರುತ್ತದೆ. ಹಾಗಾಗಿ ಮುಂಭಾಗವನ್ನು ಎತ್ತರಿಸಿ, ಬೂಚು ತೆಗೆದು ನಿಲ್ಲಿಸುವ ತಮ್ಮ ಈಗಿನ ಪದ್ಧತಿಯೇ ಸರಿ. ಆದರೆ ತೆರೆದ ತೂತನ್ನೂ ಆಗಾಗ ನೋಡುತ್ತಿರಬೇಕು, ಏಕೆಂದರೆ ಸಿಲ್ವರ್ ಓಕಿನ ಎಲೆ ಒಳಗಿನಿಂದ ಬಂದು ಅಡ್ಡ ಕೂರುತ್ತದೆ, ಬೇಸಿಗೆಯಲ್ಲಂತೂ ಕಣಜ ಅದರೊಳಗೆ ಮಣ್ಣಿನ ಗೂಡು ಕಟ್ಟಿ ಪೂರ್ತಿ ಮುಚ್ಚಿಬಿಡುತ್ತದೆ.

ಪಂಪಿನ ಮಾತಿಗೆ ಬಂದರೆ, ಲೆಕ್ಕವನ್ನು ತಾವೇ ನೋಡಿ. ಒಂದು ಅಂಗುಲ ಅಗಲದ ತೂತು ನೀರಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿದ್ದರೆ ನಿಮಿಷಕ್ಕೆ ಸುಮಾರು 30 ಲೀಟರ್ ನೀರು ಒಳಗೆ ಬರುತ್ತದೆ. ಚಿಕ್ಕ ದೋಣಿಗಳಿಗೆಂದು ಮಾರುವ, ಗಂಟೆಗೆ 500 ಗ್ಯಾಲನ್ ಎಂದು ಬರೆದಿರುವ ಪಂಪು ಹೊರಹಾಕುವುದೂ ಹೆಚ್ಚುಕಡಿಮೆ ಅಷ್ಟೇ, ಅದೂ ಬ್ಯಾಟರಿ ತುಂಬಿದ್ದು ನೀರನ್ನು ಮೇಲೆತ್ತುವ ಎತ್ತರ ಇಲ್ಲವೆಂಬಷ್ಟು ಕಡಿಮೆ ಇದ್ದಾಗ ಮಾತ್ರ. ಬ್ಯಾಟರಿ ಇಳಿದಂತೆ ಸೋಲು ಪಂಪಿನದೇ. ಇದಕ್ಕಿಂತ ಕೆಟ್ಟದ್ದೆಂದರೆ, ಬೂಚು ಇಲ್ಲದ ಸಂಗತಿಯನ್ನು ಓಡುತ್ತಿರುವ ಪಂಪು ಮರೆಮಾಚಿ, ತಾವು ದಡದಿಂದ ಇನ್ನಷ್ಟು ದೂರ ಹೋಗುವಂತೆ ಮಾಡುತ್ತದೆ. ಪಂಪು ಇರಲಿ, ಬೇಡವೆನ್ನುವುದಿಲ್ಲ. ಅಲೆಯ ನೀರಿಗೂ ಮಳೆಯ ನೀರಿಗೂ ಅದು ಒಳ್ಳೆಯದೇ.

ದೋಣಿಯಲ್ಲಿದ್ದವರಿಗೆ ತಿಳಿಯದೇ ಹೋದದ್ದಕ್ಕೆ ಕಾರಣ ಅದರ ರಚನೆಯಲ್ಲೇ ಇದೆ. ಕಾಲಿಡುವ ನೆಲಕ್ಕೂ ತಳಕ್ಕೂ ನಡುವೆ ಪೊಳ್ಳು ಜಾಗವಿರುತ್ತದೆ, ಮೊದಲ ನೂರಿನ್ನೂರು ಲೀಟರ್ ಅಲ್ಲಿಯೇ ಅಡಗುತ್ತದೆ. ಕಾಲಿಗೆ ನೀರು ತಾಗುವ ಹೊತ್ತಿಗೆ ದೋಣಿ ಆಗಲೇ ಮಂದವಾಗಿ, ಚುಕ್ಕಾಣಿಗೆ ತಡವಾಗಿ ತಿರುಗತೊಡಗಿರುತ್ತದೆ. ಆದ್ದರಿಂದ ದಡ ಬಿಡುವ ಮುನ್ನ, ಹಗ್ಗ ಇನ್ನೂ ಕೈಯಲ್ಲಿರುವಾಗಲೇ, ಹಿಂದಿನ ಮುಚ್ಚಳವೆತ್ತಿ ಎರಡು ನಿಮಿಷ ತಳ ನೋಡಿ. ತೂತು ತೆರೆದಿದ್ದರೆ ಅಷ್ಟರಲ್ಲಿ ಎರಡು ದೊಡ್ಡ ಬಕೆಟ್ಟಿನಷ್ಟು ನೀರು ಬಂದಿರುತ್ತದೆ, ಕಾಣದೆ ಇರುವುದಿಲ್ಲ.

ಮರೆವಿಗೆ ಮದ್ದೆಂದರೆ ಬೂಚನ್ನು ದಾರಿಗೆ ಅಡ್ಡ ಬರುವಂತೆ ಇಡುವುದು. ತೆಗೆದ ಬೂಚನ್ನು ಜೇಬಿಗೆ ಹಾಕದೆ, ಟ್ರೈಲರಿನ ಮುಂದಿರುವ ವಿಂಚಿನ (ದೋಣಿಯನ್ನು ಎಳೆಯಲು, ಇಳಿಸಲು ತಿರುಗಿಸುವ ರಾಟೆಯ) ಹಿಡಿಗೆ ಗಟ್ಟಿ ದಾರದಿಂದ ಕಟ್ಟಿಬಿಡಿ. ಹಿಡಿ ತಿರುಗಿಸದೆ ದೋಣಿ ಇಳಿಯದು, ಬೂಚನ್ನು ಬಿಚ್ಚಿ ಕೈಗೆ ತೆಗೆದುಕೊಳ್ಳದೆ ಹಿಡಿ ತಿರುಗದು. ಎಂಜಿನ್ ನಿಲ್ಲಿಸುವ ಕೆಂಪು ಹಗ್ಗದ ಕೊಂಡಿಗೆ ಕಟ್ಟುವವರೂ ಇದ್ದಾರೆ, ಆದರೆ ಎಂಜಿನ್ ಶುರುಮಾಡುವ ಹೊತ್ತಿಗೆ ದೋಣಿ ನೀರಿನಲ್ಲಿ ಇರುವುದರಿಂದ ಆ ಎಚ್ಚರಿಕೆ ತುಸು ತಡವಾಗಿಯೇ ಬರುತ್ತದೆ ಎಂದು ನನ್ನ ಅಭಿಪ್ರಾಯ.

ಉತ್ತರ (ಗೋಣಿಕೊಪ್ಪಲಿನಿಂದ)

ಮೇಲಿನವರು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಒಳಗಿನಿಂದ ತೂತಿಗೆ ಕೈ ಎಟಕುವಂತಿದ್ದರೆ ಸನ್ನೆಯಿರುವ (ಮಡಚಿದರೆ ರಬ್ಬರನ್ನು ಒತ್ತಿ ಉಬ್ಬಿಸುವ ಚಿಕ್ಕ ಹಿಡಿಯಿರುವ) ರಬ್ಬರ್ ಬೂಚನ್ನು ಒಳಗಿನಿಂದಲೇ ಹಾಕುವುದು ಮೇಲು, ಏಕೆಂದರೆ ಮರೆತು ಇಳಿಸಿದರೂ ನೀರಿನ ಮೇಲೆಯೇ ಅದನ್ನು ಕೂರಿಸಬಹುದು. ಹೊರಗಿನಿಂದ ಹಾಕಿದ ಬೂಚು ದಡದಲ್ಲಿ ನಿಂತವರ ಕಣ್ಣಿಗೆ ಬೀಳುತ್ತದೆ ಎಂಬುದು ನಿಜ, ಆದರೆ ಅದನ್ನು ಮರೆತರೆ ನೀರಿಗೇ ಇಳಿಯಬೇಕು. ಹಾಗೆಯೇ ಎರಡನೆಯ ಬೂಚೊಂದನ್ನು ದೋಣಿಯೊಳಗೇ ಎಂಜಿನ್ ಬಳಿ ಕಟ್ಟಿಟ್ಟಿರಬೇಕು. ಅದೂ ಇಲ್ಲದಿದ್ದರೆ, ಒಣಗಿದ ಹಾಲುವಾಣದಂಥ ಮೆದು ಮರದ ತುಂಡನ್ನು ಒಂದು ತುದಿ ಸಣ್ಣಗಾಗುವಂತೆ ಕೆತ್ತಿ ಇಟ್ಟುಕೊಂಡರೆ, ತೂತಿಗೆ ಒತ್ತಿ ತಿರುವಿದಾಗ ಅದು ನೀರು ಕುಡಿದು ಉಬ್ಬಿ ನಿಲ್ಲುತ್ತದೆ.

ನಡುನೀರಿನಲ್ಲಿ ತಿಳಿದುಬಂದರೆ ಎಲ್ಲರೂ ಹಿಂದಕ್ಕೆ ಧಾವಿಸುವುದು ಸಹಜ, ಅದನ್ನೇ ಮಾಡಬಾರದು. ಒಬ್ಬರು ಮಾತ್ರ ಹಿಂದಿದ್ದು ಉಳಿದವರು ಕುಳಿತೇ ಮುಂದಕ್ಕೆ ಸರಿದರೆ ಹಿಂಭಾಗ ಮೇಲೇಳುತ್ತದೆ, ತೂತಿನ ಮೇಲಿನ ನೀರಿನ ಒತ್ತಡ ತಗ್ಗುತ್ತದೆ. ಲೈಫ್ ಜಾಕೆಟ್ ಹಾಕಿಕೊಳ್ಳದೆ ಕೆರೆಗೆ ಇಳಿಯುವ ಮಾತೇ ಬೇಡ. ತೋಟದ ಕೆರೆಗಳ ದಡ ಕಡಿದಾಗಿರುತ್ತದೆ, ಕೆಸರೂ ಆಳ.

ಇನ್ನು, ಎರಡು ಮನೆಯವರು ಬಳಸುವ ದೋಣಿಗೆ ‘ಎಲ್ಲರೂ ನೋಡಿಕೊಳ್ಳಿ’ ಎಂಬ ನಿಯಮ ನಡೆಯುವುದಿಲ್ಲ. ವಿಂಚು ಬಿಡುವವರು ಯಾರೋ ಅವರೇ ಬೂಚಿಗೆ ಹೊಣೆ ಎಂದು ಮಾಡಿ.

ಪ್ರಶ್ನಿಸಿದವರು (ಸುಂಟಿಕೊಪ್ಪದಿಂದ)

ಇಬ್ಬರಿಗೂ ಧನ್ಯವಾದಗಳು. ಬೂಚನ್ನು ವಿಂಚಿನ ಹಿಡಿಗೆ ಕಟ್ಟಿದ್ದೇವೆ, ಹೊಣೆಯನ್ನೂ ಗೊತ್ತುಮಾಡಿದ್ದೇವೆ. ಭಾವನವರು ಪಂಪಿನ ಮಾತನ್ನು ಸದ್ಯಕ್ಕೆ ಕೈಬಿಟ್ಟಿದ್ದಾರೆ. ಆದರೆ ಬೂಚು ಹಾಕಿದ್ದಾಗಲೂ ಸೇರುವ ನೀರಿನ ವಿಷಯ ಹಾಗೆಯೇ ಉಳಿದಿದೆ. ಬೂಚನ್ನು ಕೈಯಲ್ಲಿ ಹಿಡಿದು ನೋಡಿದರೆ ರಬ್ಬರಿನ ನಡುವೆ ಸುತ್ತಲೂ ಗೆರೆ ಬಿದ್ದಿದೆ, ಬಾಗಿಸಿದರೆ ಸಣ್ಣ ಬಿರುಕುಗಳು ಬಾಯಿ ಬಿಡುತ್ತವೆ. ಇದೇ ಕಾರಣವೇ?

ಉತ್ತರ (ಕುಶಾಲನಗರದಿಂದ)

ಅದು ಒಂದು ಕಾರಣ ಖಂಡಿತ, ಆದ್ದರಿಂದ ಆ ಬೂಚನ್ನು ಮೊದಲು ಬದಲಿಸಿ. ಸನ್ನೆ ಒತ್ತಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ರಬ್ಬರು ಆ ಆಕಾರಕ್ಕೇ ಒಗ್ಗಿಹೋಗಿ ಮತ್ತೆ ಉಬ್ಬುವುದಿಲ್ಲ, ತೆಗೆದಿಡುವಾಗ ಸನ್ನೆಯನ್ನು ಸಡಿಲಿಸಿಯೇ ಇಡಬೇಕು. ಹೊಸದನ್ನು ಹಾಕುವಾಗ ತುದಿಯ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿಸುತ್ತ ಬನ್ನಿ. ಸನ್ನೆ ಬೆರಳಿಗೆ ಒಳ್ಳೆಯ ಪ್ರತಿರೋಧ ಕೊಟ್ಟು ಮಡಚಿಕೊಳ್ಳಬೇಕು, ಸಲೀಸಾಗಿ ಬಿದ್ದರೆ ಬಿಗಿ ಸಾಲದು.

ಅನಂತರ ದೋಣಿ ಟ್ರೈಲರಿನ ಮೇಲಿರುವಾಗಲೇ ಪರೀಕ್ಷೆ ಮಾಡಿ. ಬೂಚು ಹಾಕಿ, ಹಿಂಭಾಗದಲ್ಲಿ ನಾಲ್ಕೈದು ಬಕೆಟ್ ನೀರು ಮಾತ್ರ ಹೊಯ್ದು (ಹೆಚ್ಚು ತುಂಬಿದರೆ ತಳಕ್ಕೆ ಪೆಟ್ಟು), ಹೊರಭಾಗವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ಅರ್ಧ ಗಂಟೆ ಬಿಡಿ. ಬೂಚಿನ ಮಧ್ಯದಿಂದ ಅಥವಾ ರಬ್ಬರಿನ ಅಂಚಿನಿಂದ ಹನಿ ಇಳಿದರೆ ದೋಷ ಬೂಚಿನದು. ಅದು ಒಣಗಿಯೇ ಇದ್ದು, ತೂತಿನ ಸುತ್ತ ಸ್ಕ್ರೂ ಹಾಕಿ ಕೂರಿಸಿರುವ ಹಿತ್ತಾಳೆ ಬಿಲ್ಲೆಯ ಅಂಚಿನಿಂದ ನೀರು ಜಿನುಗಿದರೆ ಬೂಚು ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಬಿಲ್ಲೆಯನ್ನು ಬಿಚ್ಚಿ, ಹಳೆಯ ಅಂಟನ್ನು ಕೆರೆದು, ತೂತಿನೊಳಗೆ ಫೈಬರಿನ ಅಂಚು ಮೆದುವಾಗಿದೆಯೇ ಎಂದು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಹಿಂಬದಿ ಹಲಗೆಯ ನಡುವೆ ಪ್ಲೈವುಡ್ ಇರುವ ದೋಣಿಗಳಲ್ಲಿ ಕೊಳೆಯುವಿಕೆ ಶುರುವಾಗುವ ಜಾಗಗಳಲ್ಲಿ ಇದೂ ಒಂದು. ತುದಿ ಒಳಗಿಳಿದರೆ ಫೈಬರ್ ಕೆಲಸದವರಿಗೆ ತೋರಿಸದೆ ವಿಧಿಯಿಲ್ಲ. ಗಟ್ಟಿಯಾಗಿದ್ದರೆ ಪೂರ್ತಿ ಒಣಗಿಸಿ, ನೀರಿನಡಿ ನಿಲ್ಲುವ ಪಾಲಿಯುರಿಥೇನ್ ಸೀಲಂಟನ್ನು ಬಿಲ್ಲೆಯ ಹಿಂದೆಯೂ ಪ್ರತಿ ಸ್ಕ್ರೂ ತೂತಿನಲ್ಲೂ ತುಂಬಿ ಕೂರಿಸಿ. ಬಚ್ಚಲುಮನೆಗೆ ಬಳಸುವ ಸಿಲಿಕೋನ್ ಬೇಡ, ಅದು ಕಾಲಕ್ರಮೇಣ ಅಂಚಿನಿಂದ ಸುಲಿದು ಬರುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ದಿನ ಒಣಗಲು ಬಿಟ್ಟು, ಮತ್ತೊಮ್ಮೆ ಬಕೆಟ್ಟಿನ ಪರೀಕ್ಷೆ ಮಾಡಿದ ಮೇಲೆಯೇ ಕೆರೆಗೆ ಇಳಿಸಿ.