ಕಡಲ ನೀರು ಬತ್ತಿಸುವಾಗ ಉಪ್ಪಿಗಿಂತ ಮೊದಲೇ ಕೂರುವ ಬಿಳಿ ಪುಡಿ: ಇದು ನೀರಿನಲ್ಲಿ ಕರಗುವುದೇ?

ಪ್ರಶ್ನೆ (ಕಾರವಾರ, ಪಿಯುಸಿ ವಿದ್ಯಾರ್ಥಿನಿ):
ಮಾನ್ಯರೇ, ಇಲ್ಲಿನ ಕಡಲತೀರದಿಂದ ತಂದ 10 ಲೀಟರ್ ನೀರನ್ನು ಸೋಸಿ, ಅಗಲವಾದ ತಟ್ಟೆಗಳಲ್ಲಿ ತಾರಸಿಯ ಬಿಸಿಲಿಗೆ ಇಟ್ಟಿದ್ದೆ. ಸುಮಾರು ಒಂದೂವರೆ ಲೀಟರ್ ಉಳಿದಾಗ, ಉಪ್ಪಿನ ಹರಳು ಕಾಣುವ ಮೊದಲೇ, ತಳದಲ್ಲಿ ಬಿಳಿ ಪುಡಿ ಕೂತಿತು. ಅದನ್ನು ತೊಳೆದು ಒಂದು ಚಮಚೆಯಷ್ಟು ಲೋಟದ ನೀರಿಗೆ ಹಾಕಿದರೆ ಕರಗಲಿಲ್ಲ. ವಿನೆಗರ್ ಹನಿಸಿದಾಗ ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದಿತಷ್ಟೆ. ಕಾರ್ಬೊನೇಟ್ ಆಗಿದ್ದರೆ ನೊರೆ ಉಕ್ಕಬೇಕಿತ್ತು. ಸಲ್ಫೇಟ್‌ಗಳು ಕರಗುತ್ತವೆ ಎಂದು ಓದಿದ್ದೇನೆ. ಹಾಗಾದರೆ ಇದೇನು?

ಉತ್ತರ (ಕುಮಟಾ, ನಿವೃತ್ತ ರಸಾಯನಶಾಸ್ತ್ರ ಶಿಕ್ಷಕ):
ಅದು ಬಹುಪಾಲು ಜಿಪ್ಸಮ್, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಲವಣಗಳೂ ನೈಟ್ರೇಟ್‌ಗಳೂ ಸಾಮಾನ್ಯವಾಗಿ ಕರಗುತ್ತವೆ. ಸಲ್ಫೇಟ್‌ಗಳಲ್ಲಿ ಬೇರಿಯಂ, ಸೀಸ, ಸ್ಟ್ರಾನ್ಷಿಯಂಗಳವು ಕರಗುವುದಿಲ್ಲವೆಂದೇ ಹೇಳಬಹುದು, ಕ್ಯಾಲ್ಸಿಯಂನದು ನಡುವೆ ನಿಲ್ಲುತ್ತದೆ. ಕರಗುತ್ತದೆ, ಕರಗುವುದಿಲ್ಲ ಎಂಬ ಎರಡೇ ಖಾನೆಗಳಲ್ಲಿ ಯೋಚಿಸಿದ್ದರಿಂದ ನಿಮಗೆ ಗೊಂದಲವಾಗಿದೆ. ಒಂದು ಲೀಟರ್ ನೀರು ಸುಮಾರು 360 ಗ್ರಾಂ ಅಡುಗೆ ಉಪ್ಪನ್ನು ಕರಗಿಸಿಕೊಂಡರೆ, ಜಿಪ್ಸಮ್ಮನ್ನು ಎರಡು ಗ್ರಾಂಗಿಂತ ತುಸು ಹೆಚ್ಚು, ಕ್ಯಾಲ್ಸಿಯಂ ಕಾರ್ಬೊನೇಟನ್ನು ಗ್ರಾಮಿನ ನೂರನೇ ಒಂದು ಪಾಲಿನಷ್ಟು ಮಾತ್ರ ಕರಗಿಸಿಕೊಳ್ಳುತ್ತದೆ. ನಿಮ್ಮ ಲೋಟಕ್ಕೆ ಒಂದು ಚಮಚೆ ಹೆಚ್ಚಾಯಿತು.

ಅಯಾನುಗಳ (ಲವಣದಲ್ಲಿರುವ ವಿದ್ಯುದಂಶವುಳ್ಳ ಕಣಗಳ) ವಿದ್ಯುದಂಶ ಹೆಚ್ಚಿದಷ್ಟೂ ಹರಳಿನ ಹಿಡಿತ ಬಿಗಿಯಾಗಿ ಕರಗುವುದು ಕಷ್ಟವಾಗುತ್ತದೆ ಎಂಬುದು ನಿಜವಾದರೂ, ಅದೊಂದನ್ನೇ ನಂಬಬೇಡಿ. ಮೆಗ್ನೀಸಿಯಂ ಸಲ್ಫೇಟಿನಲ್ಲಿಯೂ ಅಷ್ಟೇ ವಿದ್ಯುದಂಶವಿದೆ, ಆದರೆ ಚಿಕ್ಕದಾದ ಮೆಗ್ನೀಸಿಯಂ ಅಯಾನು ನೀರಿನ ಅಣುಗಳನ್ನು ಬಲವಾಗಿ ಸೆಳೆದುಕೊಳ್ಳುವುದರಿಂದ ಅದು ಧಾರಾಳವಾಗಿ ಕರಗುತ್ತದೆ. ಸಾಣಿಕಟ್ಟಾದ ಉಪ್ಪಿನ ಆಗರದಂಥ ಕಡೆ ಉಪ್ಪು ತೆಗೆದ ಮೇಲೂ ಉಳಿಯುವ ನೀರು ಕಹಿಯಾಗಿರುವುದು ಮೆಗ್ನೀಸಿಯಂ ಲವಣಗಳಿಂದಲೇ.

ಖಚಿತಪಡಿಸಿಕೊಳ್ಳಲು, ಒಣಗಿದ ಪುಡಿಯನ್ನು ಒಂದು ಗ್ರಾಮಿನಷ್ಟೇ ತೂಗಿ, ಒಂದು ಲೀಟರ್ ಬಟ್ಟಿ ಇಳಿಸಿದ ನೀರಿಗೆ ಹಾಕಿ, ಆಗಾಗ ಕಲಕುತ್ತಾ ಒಂದು ರಾತ್ರಿ ಬಿಡಿ. ಜಿಪ್ಸಮ್ ನಿಧಾನವಾಗಿ ಕರಗುತ್ತದೆ. ಬಳಿಕ ಸೋಸಿದ ತಿಳಿನೀರಿಗೆ ವಾಷಿಂಗ್ ಸೋಡಾದ (ಸೋಡಿಯಂ ಕಾರ್ಬೊನೇಟ್) ದ್ರಾವಣವನ್ನು ಬೆರೆಸಿದರೆ, ಕ್ಯಾಲ್ಸಿಯಂ ಇದ್ದಲ್ಲಿ ಬಿಳಿ ಪ್ರಕ್ಷೇಪ, ಅಂದರೆ ಕರಗದೆ ಬೇರ್ಪಡುವ ಪುಡಿ, ಮೂಡಬೇಕು.

ಪ್ರಶ್ನೆ ಕೇಳಿದವರು:
ಹಾಗೆಯೇ ಮಾಡಿದೆ. ಪುಡಿ ಹೆಚ್ಚುಕಡಿಮೆ ಪೂರ್ತಿ ಕರಗಿತು, ಸೋಡಾ ಬೆರೆಸಿದೊಡನೆ ನೀರು ಹಾಲಿನಂತಾಯಿತು. ತಳದಲ್ಲಿ ಉಳಿದ ಚೂರುಪಾರು ಮಾತ್ರ ವಿನೆಗರಿಗೆ ಚೆನ್ನಾಗಿ ನೊರೆಯಿತು.

ಉತ್ತರ:
ಆ ಚೂರು ಕಾರ್ಬೊನೇಟ್. ನೀವು ಮೊದಲು ಕಂಡ ಗುಳ್ಳೆಗಳೂ ಅದರವೇ. ಮುಂದಿನ ಸಲ ನೀರು ಅರ್ಧಕ್ಕಿಳಿದ ಕೆಲ ಹೊತ್ತಿಗೆ ಒಮ್ಮೆ ಸೋಸಿ ಅದನ್ನು ಬೇರೆ ಮಾಡಿಕೊಳ್ಳಿ; ಹತ್ತನೇ ಒಂದು ಪಾಲಿಗೆ ಇಳಿಯುವ ಮುನ್ನ ಇನ್ನೊಮ್ಮೆ ಸೋಸದಿದ್ದರೆ ಜಿಪ್ಸಮ್ಮಿನೊಡನೆ ಉಪ್ಪೂ ಕೂರಲಾರಂಭಿಸುತ್ತದೆ.