ರಾಜಾಸೀಟ್ ಫೋಟೊ ನಂದು ಅನ್ನಿಸೋದು ಹೇಗೆ?

ಮಡಿಕೇರಿ ಹುಡುಗಿ:
ಹುಟ್ಟಿದ್ದು, ಬೆಳೆದದ್ದು ಎಲ್ಲಾ ಮಡಿಕೇರಿಯಲ್ಲೇ. ರಾಜಾಸೀಟ್‌ನಲ್ಲಿ ಎಷ್ಟು ಸೂರ್ಯಾಸ್ತ ತೆಗೆದಿದ್ದೇನೋ ಲೆಕ್ಕವಿಲ್ಲ. ಒಂದೂ ನನ್ನದು ಅನ್ನಿಸುವುದಿಲ್ಲ. ಅದೇ ಕಮಾನು, ಅದೇ ಕೆಂಪು ಸೂರ್ಯ. ಓಂಕಾರೇಶ್ವರ ದೇವಸ್ಥಾನದ್ದೂ ಹಾಗೇ. ನನ್ನ ಹತ್ತಿರ ಇರೋದು ಜೂಮ್ ಆಗದ 50 ಎಂಎಂ ಲೆನ್ಸ್ ಒಂದೇ. ಏನು ಮಾಡಲಿ?

ಕಾಫಿತೋಟ:
ಒಂದು ಸಂಜೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಎಲ್ಲರೂ ಪಶ್ಚಿಮ ನೋಡುತ್ತಿರುತ್ತಾರೆ, ಹೊಂಬೆಳಕು ಅವರ ಮುಖದ ಮೇಲೆ ಬಿದ್ದಿರುತ್ತದೆ. ಅಜ್ಜನ ಹೆಗಲ ಮೇಲಿನ ಮಗು, ಸ್ವೆಟರ್ ಹಾಕಿಕೊಂಡು ಕುಳಿತ ದಂಪತಿ. ನನಗೆ ಅದೇ ರಾಜಾಸೀಟ್. ಕೇಳಿ ತೆಗೆಯಿರಿ, ಅಷ್ಟೇ.

ಹಳೇ ಕ್ಯಾಮೆರಾ:
ಓಂಕಾರೇಶ್ವರಕ್ಕೆ ಜುಲೈ ಮಳೆಯಲ್ಲಿ ಹೋಗಿ, ಮಗಳೇ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ ಗುಡಿ ಅದು. ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ಎಲ್ಲರೂ ಕೆರೆ ನೀರು ಕನ್ನಡಿಯಂತೆ ನಿಲ್ಲಲಿ ಅಂತ ಕಾಯುತ್ತಾರೆ. ನೀವು ಹನಿ ಬಿದ್ದು ಗುಮ್ಮಟದ ನೆರಳು ಒಡೆಯುವಾಗ ತೆಗೆಯಿರಿ. ಗುಡಿ ಫ್ರೇಮಿನಲ್ಲಿ ಇರಲೇಬೇಕು ಅಂತಿಲ್ಲ, ನೀರಿನಲ್ಲಿದ್ದರೆ ಸಾಕು. ಶಟರ್ 1/500 ಸೆಕೆಂಡಿಗಿಂತ ವೇಗವಾಗಿ ಇಟ್ಟರೆ ಹನಿಯ ಉಂಗುರ ಸ್ಪಷ್ಟವಾಗಿ ಬರುತ್ತದೆ. ಲೆನ್ಸ್‌ಗೆ ಹುಡ್ (ಮುಂದೆ ಸಿಕ್ಕಿಸುವ ಮರೆ) ಹಾಕಿ, ಕೊಡೆ ಹಿಡಿಯಲು ಯಾರನ್ನಾದರೂ ಕರೆದುಕೊಂಡು ಹೋಗಿ. ಎಸಿ ಕಾರಿನಿಂದ ಇಳಿದರೆ ಲೆನ್ಸ್ ಗಾಜು ಮಬ್ಬಾಗುತ್ತದೆ, ಹತ್ತು ನಿಮಿಷ ಕಾಯಿರಿ.

ಮಡಿಕೇರಿ ಹುಡುಗಿ:
ತುಂಬಾ ಥ್ಯಾಂಕ್ಸ್ ಅಂಕಲ್! ನೀರಿನಲ್ಲಿ ಗುಡಿ ಹುಡುಕಬಹುದು ಅಂತ ಹೊಳೆದೇ ಇರಲಿಲ್ಲ. ಕೊಡೆ ಹಿಡಿಯಲು ಅಮ್ಮ ಒಪ್ಪಿದ್ದಾರೆ.